ಕಹಳೆ ಬಂಡೆಯಿಂದ ಅರಕ್ಕೋಣದವರೆಗೆ

ತುಂಬಾ ದಿನದಿಂದ ಈ ಕಡೆ ತಲೆ ಹಾಕಿರಲಿಲ್ಲ. ಆಫೀಸಿನಲ್ಲಿ ರಿಲೀಸ್ ಇತ್ತು, ಅದರ ಹಿಂದೆಯೇ ಇನ್ನೊಂದು ರಿಲೀಸ್. ಎರಡೂ ಮುಗಿದ ಮೇಲೆ ಮೊನ್ನೆ ಭಾನುವಾರ ಸಂಜೆ ಕಹಳೆ ಬಂಡೆಗೆ ಹೋಗಿ ಕೂತಿದ್ದೆ. ಬಸವನಗುಡಿಯವರಿಗೆ ಇದನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಬೇರೆ ಊರಿನ ಮಿತ್ರರಿಗಾಗಿ ಹೇಳುತ್ತೇನೆ: ದೊಡ್ಡ ಬಸವಣ್ಣನ ಗುಡಿಗೆ ಅಂಟಿಕೊಂಡಂತೆ ಇರುವ ಹೆಬ್ಬಂಡೆ ಅದು. ಇಂಗ್ಲಿಷಿನವರ ಬಾಯಲ್ಲಿ ಬ್ಯೂಗಲ್ ರಾಕ್. ಮೇಲೊಂದು ಪುಟ್ಟ ಗೋಪುರ ಇದೆ. ಕೆಂಪೇಗೌಡರ ಕಾಲದಲ್ಲಿ ಕಾವಲಿನವನು ಅಲ್ಲಿ ನಿಂತು, ಕತ್ತಲಾಗುವ ಹೊತ್ತಿಗೆ ಪಂಜು ಹಿಡಿದು ಕಹಳೆ ಊದುತ್ತಿದ್ದ, ಲಾಲ್‌ಬಾಗ್, ಕೆಂಪಾಂಬುಧಿ, ಹಲಸೂರು, ಮೇಖ್ರಿ ಸರ್ಕಲ್ ಹತ್ತಿರದ ಗೋಪುರಗಳಿಗೂ ಅದು ಕಾಣಿಸುತ್ತಿತ್ತು ಅಂತ ಪ್ರತೀತಿ. ಈಗ ಅಲ್ಲಿಂದ ನೋಡಿದರೆ ಮರ, ಅಪಾರ್ಟ್‌ಮೆಂಟು, ನೀರಿನ ಟ್ಯಾಂಕು. ಲಾಲ್‌ಬಾಗ್ ಗೋಪುರ ಎಲ್ಲಿಂದ ಕಾಣಬೇಕು ಬಿಡಿ.

ಕೂತವನಿಗೆ ಒಂದು ತಲೆಹರಟೆ ಯೋಚನೆ ಬಂತು. ಆ ಕಾವಲಿನವನ ಕೆಲಸದಲ್ಲಿ ಎರಡು ಭಾಗ ಇದ್ದವು. ಒಂದು, ಎತ್ತರದಲ್ಲಿ ನಿಂತು ಉಳಿದವರಿಗಿಂತ ಮೊದಲು ನೋಡುವುದು. ಇನ್ನೊಂದು, ನೋಡಿದ್ದನ್ನು ಹೊತ್ತು ಮೀರುವ ಮುಂಚೆ ಊರಿಗೆ ಗೊತ್ತು ಮಾಡುವುದು. ಬಂಡೆಗೆ ಹೆಸರು ಬಂದದ್ದು ಕಣ್ಣಿನಿಂದ ಅಲ್ಲ, ಕಹಳೆಯಿಂದ. ನಮ್ಮ ಹಿರಿಯರಿಗೆ ಯಾವುದು ಮುಖ್ಯ ಅಂತ ಗೊತ್ತಿತ್ತು ಅನ್ನಿಸುತ್ತೆ :)

ಈ ಯೋಚನೆಯನ್ನು ನಮ್ಮ ಎದುರು ಮನೆ ಅಂಕಲ್ ಹತ್ತಿರ ಹೇಳಿದೆ. ಅವರು ವಿಮಾನ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು. ಬೆಳಿಗ್ಗೆ ಆರಕ್ಕೆ ಮಂಕಿ ಟೋಪಿ ಹಾಕಿಕೊಂಡು ಅದೇ ಬಂಡೆ ಸುತ್ತುವವರು. ನಕ್ಕರು. "ಈಗ್ಲೂ ಅದೇ ಕೆಲಸ ಕಣಪ್ಪ. ಬಂಡೆ ಬದ್ಲು ವಿಮಾನ ಬಂದಿದೆ ಅಷ್ಟೆ. ಅದಕ್ಕೋಸ್ಕರ ಈ ಊರಿನವರು ಎಂಟು ಜನ ಹೋಗ್ಬಿಟ್ರು, ಗೊತ್ತಾ ನಿಂಗೆ?"

ನನಗೆ ಗೊತ್ತಿರಲಿಲ್ಲ. ಏರೋ ಇಂಡಿಯಾಗೆ ಮೂರು ಸಲ ಹೋಗಿ ಬಿಸಿಲಲ್ಲಿ ನಿಂತು ಕತ್ತು ನೋವು ಮಾಡಿಕೊಂಡು ಬಂದವನಿಗೆ ಗೊತ್ತಿರಲಿಲ್ಲ. ಆಮೇಲೆ ಒಂದು ವಾರ ಹುಡುಕಿ ಓದಿದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸ್ವಲ್ಪ ಲೆಕ್ಕ. ಇಂಜಿನಿಯರ್ ಆದ ತಪ್ಪಿಗೆ ನನಗೆ ಇದು ಬೇಕೇ ಬೇಕು, ಬೇಡದವರು ಮುಂದಿನ ಎರಡು ಪ್ಯಾರಾ ಹಾರಿಸಿ. ರೇಡಾರಿನ ಅಲೆ ಹೆಚ್ಚು ಕಡಿಮೆ ನೇರ ಹೋಗುತ್ತೆ, ಆದರೆ ಭೂಮಿ ದುಂಡಗಿದೆ. ನೆಲದಲ್ಲಿ 10 ಮೀಟರ್ ಎತ್ತರದ ಕಂಬದ ಮೇಲೆ ರೇಡಾರ್ ಇಟ್ಟಿದ್ದೀರಿ, ವೈರಿ ವಿಮಾನ 50 ಮೀಟರ್ ಎತ್ತರದಲ್ಲಿ ಮರಗಳ ತಲೆ ಸವರಿಕೊಂಡು ಬರುತ್ತಿದೆ ಅಂದುಕೊಳ್ಳಿ. ರೇಡಾರ್ ಎಷ್ಟೇ ದೊಡ್ಡದಾಗಿರಲಿ, ಆ ವಿಮಾನ ಕಾಣುವುದು ಸುಮಾರು 42 ಕಿ.ಮೀ. ಹತ್ತಿರ ಬಂದ ಮೇಲೇ. ಬಸವನಗುಡಿಯಲ್ಲಿ ರೇಡಾರ್ ಇದ್ದರೆ ಹೆಚ್ಚು ಕಡಿಮೆ ರಾಮನಗರದವರೆಗೆ ಕಾಣುತ್ತೆ, ಅಷ್ಟೆ. ಗಂಟೆಗೆ 900 ಕಿ.ಮೀ. ವೇಗದ ವಿಮಾನಕ್ಕೆ ಅದು ಮೂರು ನಿಮಿಷವೂ ಇಲ್ಲದ ದಾರಿ. ಅಷ್ಟರಲ್ಲಿ ಯಾರಾದರೂ ನೋಡಬೇಕು, ನಮ್ಮದೋ ಅವರದೋ ತೀರ್ಮಾನಿಸಬೇಕು, ಫೋನ್ ಮಾಡಬೇಕು, ಪೈಲಟ್ ಓಡಿ ಹೋಗಿ ವಿಮಾನ ಹತ್ತಬೇಕು. ಆಗೋ ಮಾತೇ ಅಲ್ಲ.

ಅದೇ ರೇಡಾರನ್ನು ವಿಮಾನದ ಬೆನ್ನ ಮೇಲೆ ಕೂರಿಸಿ 8 ಕಿ.ಮೀ. ಮೇಲಕ್ಕೆ ಒಯ್ಯಿರಿ. ನೆಲ ಸಮತಟ್ಟಾಗಿದೆ ಅಂದುಕೊಂಡರೆ ಈಗ ನೋಟ ಹರಿಯುವುದು 390-400 ಕಿ.ಮೀ. ಬಸವನಗುಡಿಯ ನೆತ್ತಿಯಿಂದ ಧಾರವಾಡದ ತನಕ! ಮೂರು ನಿಮಿಷ ಇದ್ದದ್ದು ಇಪ್ಪತ್ತೈದು ನಿಮಿಷ ಆಯಿತು. (ರೇಡಾರಿಗೆ ಅಷ್ಟು ಶಕ್ತಿ ಇರಬೇಕು, ಅದು ಬೇರೆ ಪ್ರಶ್ನೆ.) ಆದರೆ ಮೇಲಿನಿಂದ ಕೆಳಗೆ ನೋಡುವುದಕ್ಕೆ ಅದರದ್ದೇ ಒಂದು ತಲೆನೋವಿದೆ. ನೆಲ, ಗುಡ್ಡ, ಕಟ್ಟಡ, ಎಲ್ಲದರಿಂದಲೂ ಅಲೆ ವಾಪಸ್ ಬರುತ್ತೆ. ಕಡಲೆಕಾಯಿ ಪರಿಷೆಯ ದಿನ ಬುಲ್ ಟೆಂಪಲ್ ರಸ್ತೆಯಲ್ಲಿ ಮಹಡಿ ಮೇಲಿಂದ ನಿಮ್ಮ ಹುಡುಗನನ್ನು ಹುಡುಕಿದ ಹಾಗೆ. ಅವನು ಓಡುತ್ತಿದ್ದರೆ ಮಾತ್ರ ಸಿಗುತ್ತಾನೆ. ಓಡುವುದರಿಂದ ಅಲೆಯಲ್ಲಿ ಆಗುವ ಸಣ್ಣ ಬದಲಾವಣೆಯನ್ನು ಹಿಡಿದು, ಉಳಿದ ಇಡೀ ಜಾತ್ರೆಯನ್ನು ಅಳಿಸಿಹಾಕುವುದೇ ಈ ರೇಡಾರಿನ ವಿದ್ಯೆ.

ಈ ಅಗತ್ಯ ಮೊದಲು ಜೋರಾಗಿ ಕಂಡದ್ದು ಎರಡನೇ ಮಹಾಯುದ್ಧದಲ್ಲಿ, ಅಮೆರಿಕದ ನೌಕಾಪಡೆಗೆ. 1944ರಲ್ಲಿ ಅವರು ಕ್ಯಾಡಿಲ್ಯಾಕ್ ಅನ್ನುವ ಯೋಜನೆಯಲ್ಲಿ ಅವೆಂಜರ್ ವಿಮಾನದ ಹೊಟ್ಟೆಗೆ ರೇಡಾರ್ ಕಟ್ಟಿ ಹಾರಿಸಿದರು. (ಅಂದ ಹಾಗೆ ಅದೇ ಹೊತ್ತಿಗೆ ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕೂಡ ಅಮೆರಿಕದ ವಾಯುಪಡೆಯ ಕೈಯಲ್ಲಿತ್ತು. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ ಕಟ್ಟಿದ ಕಾರ್ಖಾನೆ 1943ರಿಂದ ಯುದ್ಧ ಮುಗಿಯುವವರೆಗೆ ಅವರ ವಿಮಾನಗಳ ರಿಪೇರಿ ಡಿಪೋ ಆಗಿತ್ತು. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.) ಆಮೇಲೆ ಬೆನ್ನ ಮೇಲೆ ತಿರುಗುವ ತಟ್ಟೆ ಹೊತ್ತ ವಿಮಾನಗಳು ಬಂದವು. 1977ರಿಂದ ಅಮೆರಿಕದ ವಾಯುಪಡೆಗೆ ಸೇರಿದ ಇ-3 ಸೆಂಟ್ರಿಯ ತಟ್ಟೆ 9 ಮೀಟರಿಗೂ ಸ್ವಲ್ಪ ಜಾಸ್ತಿ ಅಗಲ. 1982ರ ಜೂನಿನಲ್ಲಿ ಲೆಬನಾನಿನ ಬೆಕಾ ಕಣಿವೆಯ ಮೇಲೆ ಇಸ್ರೇಲ್ ಇಂಥದ್ದೇ ಹಾಕ್‌ಐ ವಿಮಾನಗಳನ್ನು ನಿಲ್ಲಿಸಿಕೊಂಡು ಸಿರಿಯಾದ ಸುಮಾರು ಎಂಬತ್ತು ಯುದ್ಧವಿಮಾನಗಳನ್ನು ಕೆಡವಿತು. ಆಗ ಎಲ್ಲ ದೇಶಗಳೂ ಎದ್ದು ಕೂತವು.

ನಾವೂ. 1971ರ ಡಿಸೆಂಬರ್ 3ರ ಸಂಜೆ ಪಾಕಿಸ್ತಾನದ ವಿಮಾನಗಳು ತಗ್ಗಿನಲ್ಲಿ ಹಾರಿ ಬಂದು ನಮ್ಮ ಪಶ್ಚಿಮದ ವಿಮಾನ ನಿಲ್ದಾಣಗಳ ಮೇಲೆ ಬಾಂಬು ಹಾಕಿದ್ದು ವಾಯುಪಡೆಗೆ ಮರೆತಿರಲಿಲ್ಲ. ಆ ಕಾಲದಲ್ಲಿ ತಗ್ಗಿನಲ್ಲಿ ಬರುವವರನ್ನು ಹಿಡಿಯಲು ಇದ್ದ ದೊಡ್ಡ ಆಸರೆ ಅಂದರೆ ಗಡಿಯಲ್ಲಿ ರೇಡಿಯೋ ಸೆಟ್ಟು ಹಿಡಿದು ಆಕಾಶ ನೋಡುತ್ತಾ ಕೂರುವ ಮನುಷ್ಯರು. ಕಹಳೆ ಬಂಡೆಯ ಕಾವಲಿನವನೇ, ಕಹಳೆ ಬದಲು ರೇಡಿಯೋ.

ಎಂಬತ್ತರ ದಶಕದಲ್ಲಿ ನಮ್ಮದೇ ಹಾರುವ ರೇಡಾರ್ ಮಾಡೋಣ ಅಂತ ಡಿಆರ್‌ಡಿಒ ಹೊರಟಿತು. ಆ ಕೆಲಸ ಬಂದದ್ದು ಬೆಂಗಳೂರಿಗೆ. ಹಳೇ ವಿಮಾನ ನಿಲ್ದಾಣದ ಆಚೆ, ಯಮಲೂರಿನ ಕಡೆ ಇರುವ ಸೆಂಟರ್ ಫಾರ್ ಏರ್‌ಬೋರ್ನ್ ಸಿಸ್ಟಮ್ಸ್, ಎಲ್ಲರ ಬಾಯಲ್ಲಿ ಕ್ಯಾಬ್ಸ್, ಬೆಳೆದದ್ದು ಇದಕ್ಕಾಗಿಯೇ. ವಿಮಾನ ಯಾವುದು? ಕೈಗೆ ಸಿಕ್ಕಿದ್ದು ಆವ್ರೋ. ಬ್ರಿಟಿಷ್ ವಿನ್ಯಾಸ, ಕಾನ್ಪುರದಲ್ಲಿ ನಾವೇ ಜೋಡಿಸಿದ್ದು, ಮೊದಲು ಹಾರಿದ್ದು 1961ರಲ್ಲಿ. ಎರಡು ಪ್ರೊಪೆಲ್ಲರಿನ ಸಾಧು ವಿಮಾನ. ಅದರ ಬೆನ್ನ ಮೇಲೆ ಕಾಲು ನೆಟ್ಟು, ತಿರುಗುವ ತಟ್ಟೆ ಕೂರಿಸಿ 1990ರ ಕೊನೆಗೆ ಹಾರಿಸಿಯೂ ಬಿಟ್ಟರು. ನಿಜವಾದ ಯುದ್ಧಕ್ಕೆ ಇದು ಸಾಲುವುದಿಲ್ಲ ಅಂತ ಮಾಡಿದವರಿಗೂ ಗೊತ್ತಿತ್ತು. ವಿದ್ಯೆ ಕಲಿಯಲು ಮಾಡಿದ ಪ್ರಯೋಗದ ವಿಮಾನ ಅದು. ನಮ್ಮ ಭಾಷೆಯಲ್ಲಿ ಪ್ರೋಟೋಟೈಪ್.

ಇದು ಸುಲಭದ ಕೆಲಸ ಅಂತ ಯಾರೂ ತಿಳಿಯಬೇಡಿ. ಜೆಟ್ ಇಂಜಿನ್ನು, ರೇಡಾರು ಎರಡರಲ್ಲೂ ಅಜ್ಜನಂತಿದ್ದ ಬ್ರಿಟನ್ 1977ರಲ್ಲಿ ನಿಮ್ರಾಡ್ ಅನ್ನುವ ವಿಮಾನಕ್ಕೆ ಇದನ್ನೇ ಮಾಡಲು ಹೋಗಿ, ಸುಮಾರು ನೂರು ಕೋಟಿ ಪೌಂಡ್ ಸುರಿದು, 1986ರ ಡಿಸೆಂಬರಿನಲ್ಲಿ ಕೈ ಚೆಲ್ಲಿ ಅಮೆರಿಕದಿಂದ ಇ-3 ತರಿಸಿಕೊಂಡಿತು. ಅವರ ಕಂಪ್ಯೂಟರಿನಲ್ಲಿ ಇದ್ದ ಮೆಮೊರಿಗಿಂತ ರೇಡಾರ್ ತಂದು ಸುರಿಯುವ ಮಾಹಿತಿ ಜಾಸ್ತಿ, ರಸ್ತೆಯಲ್ಲಿ ಹೋಗುವ ಕಾರುಗಳೂ ಪರದೆ ತುಂಬುತ್ತಿದ್ದವಂತೆ. ಓದಿದಾಗ ಪಾಪ ಅನ್ನಿಸಿತು. ಇಂಥ ಪ್ರಾಜೆಕ್ಟುಗಳನ್ನು ನಾವು ಯಾರು ನೋಡಿಲ್ಲ ಹೇಳಿ?

1999ರ ಜನವರಿ 11, ಸೋಮವಾರ. ಸಂಕ್ರಾಂತಿಗೆ ಮೂರು ದಿನ ಬಾಕಿ. ಗಾಂಧಿ ಬಜಾರಿನಲ್ಲಿ ಕಬ್ಬು, ಎಳ್ಳು-ಬೆಲ್ಲದ ರಾಶಿ ಬಿದ್ದಿರುವ ಹೊತ್ತು. ಬೆಂಗಳೂರಿನಿಂದ ಎರಡು ವಿಮಾನ ಹೊರಟವು. ಒಂದು ತಟ್ಟೆ ಹೊತ್ತ ಆವ್ರೋ. ಇನ್ನೊಂದು ಎಎನ್-32. ಅದು ಆವ್ರೋದ ರೇಡಾರಿಗೆ ಗುರಿಯಾಗಿ ಹಾರಬೇಕು, ಇದು ಅದನ್ನು ಹುಡುಕಬೇಕು. ಹಾರಿದ್ದು ತಮಿಳುನಾಡಿನ ಅರಕ್ಕೋಣ, ಚೆನ್ನೈ ಕಡೆ. ಪರೀಕ್ಷೆ ಮುಗಿಯಿತು. ಎಎನ್-32 ಅರಕ್ಕೋಣದ ನೌಕಾಪಡೆಯ ನಿಲ್ದಾಣದಲ್ಲಿ ಇಳಿಯಿತು. ಆವ್ರೋ ಹಿಂದೆಯೇ ಇಳಿಯಲು ಬರುತ್ತಿತ್ತು. ಆಗ ಬೆನ್ನ ಮೇಲಿನ ತಟ್ಟೆ ಕಿತ್ತು ಹೋಯಿತು. ವಿಮಾನ ಹತೋಟಿ ತಪ್ಪಿ ನೆಲಕ್ಕೆ ಬಿತ್ತು. ಒಳಗೆ ಇದ್ದವರು ಎಂಟು ಜನ, ನಾಲ್ವರು ವಿಜ್ಞಾನಿಗಳು, ನಾಲ್ವರು ವಾಯುಪಡೆಯವರು. ಒಬ್ಬರೂ ಉಳಿಯಲಿಲ್ಲ.

ಆಗ ಡಿಆರ್‌ಡಿಒದ ಮುಖ್ಯಸ್ಥರು ಅಬ್ದುಲ್ ಕಲಾಂ. ದಿಲ್ಲಿಯಲ್ಲಿದ್ದವರು ಸುದ್ದಿ ತಿಳಿದು ಬೆಂಗಳೂರಿಗೆ ಧಾವಿಸಿ ಬಂದು ಆ ಮನೆಗಳವರನ್ನು ಕಂಡರು. 2002ರಲ್ಲಿ ಬಂದ ಇಗ್ನೈಟೆಡ್ ಮೈಂಡ್ಸ್ ಪುಸ್ತಕದಲ್ಲಿ ಆ ದಿನದ ಬಗ್ಗೆ ಬರೆದಿದ್ದಾರೆ. ರಾಕೆಟ್ಟು, ಕ್ಷಿಪಣಿಗಳ ಬಗ್ಗೆ ಅಷ್ಟು ಉತ್ಸಾಹದಿಂದ ಬರೆಯುವ ಮನುಷ್ಯ ಅಲ್ಲಿ ಬೇರೆಯೇ ಆಗಿ ಕಾಣುತ್ತಾರೆ. ಓದಿ ನೋಡಿ.

ಅಂಕಲ್ಲಿಗೆ ಆ ಯೋಜನೆಯ ಜತೆ ಸಂಬಂಧ ಇರಲಿಲ್ಲ, ಅವರ ವಿಭಾಗವೇ ಬೇರೆ. ಆದರೂ ಮಾರನೇ ದಿನದ ನೆನಪು ಮಾತ್ರ ಹಾಗೇ ಇದೆ. "ಬಸ್ಸಲ್ಲಿ ಯಾರೂ ಮಾತಾಡ್ಲಿಲ್ಲ ಕಣೋ. ದಿನಾ ಇಸ್ಪೀಟು ಆಡ್ಕೊಂಡು ಹೋಗೋರು. ಅವತ್ತು ಎಲ್ಲಾ ಕಿಟಕಿ ಕಡೆ ನೋಡ್ಕೊಂಡು ಕೂತಿದ್ರು." ಇಷ್ಟು ಹೇಳಿ ಕಾಫಿ ಲೋಟ ಕೆಳಗಿಟ್ಟರು. ನಾನೂ ಮುಂದೆ ಕೇಳಲಿಲ್ಲ.

ನನ್ನನ್ನು ಕಾಡಿದ ವಿಷಯ ಒಂದಿದೆ. ನಾನು ಬರೆದ ಕೋಡ್ ಟೆಸ್ಟಿನಲ್ಲಿ ಬಿದ್ದರೆ ಪರದೆ ಮೇಲೆ ಕೆಂಪು ಅಕ್ಷರ ಬರುತ್ತೆ. ಮ್ಯಾನೇಜರ್ ಮುಖ ಸಿಂಡರಿಸುತ್ತಾರೆ. ಹೆಚ್ಚೆಂದರೆ ಶನಿವಾರ ಹೋಗುತ್ತೆ. ಆ ನಾಲ್ವರು ವಿಜ್ಞಾನಿಗಳೂ ಮಾಡುತ್ತಿದ್ದದ್ದು ಟೆಸ್ಟಿಂಗೇ. ಪರದೆ ಮುಂದೆ ಕೂತು ಚುಕ್ಕಿ ಸರಿಯಾಗಿ ಬರ್ತಿದ್ಯಾ ನೋಡುವುದು. ವ್ಯತ್ಯಾಸ ಅಂದರೆ, ಟೆಸ್ಟ್ ಆಗುತ್ತಿದ್ದ ವಸ್ತುವಿನ ಒಳಗೇ ಅವರು ಕೂತಿದ್ದರು.

ಯೋಜನೆ ಅಲ್ಲಿಗೆ ನಿಂತಿತು. ಅದಾದ ನಾಲ್ಕೇ ತಿಂಗಳಿಗೆ ಕಾರ್ಗಿಲ್. ಬೆಟ್ಟದ ಸಂದುಗಳ ಮೇಲೆ ನಡೆದ ಆ ಯುದ್ಧದಲ್ಲಿ ನಮ್ಮ ವಾಯುಪಡೆಯ ಬಳಿ ಇಂಥ ಒಂದು ವಿಮಾನವೂ ಇರಲಿಲ್ಲ. 2004ರಲ್ಲಿ ಇಸ್ರೇಲ್ ಮತ್ತು ರಷ್ಯಾ ಜತೆ ಒಪ್ಪಂದ ಆಯಿತು. ರಷ್ಯಾದ ಐಎಲ್-76 ವಿಮಾನ, ಅದರ ಮೇಲೆ ಇಸ್ರೇಲಿನ ಫಾಲ್ಕನ್ ರೇಡಾರ್, ಮೂರಕ್ಕೆ 110 ಕೋಟಿ ಡಾಲರ್. ಮೊದಲನೆಯದು 2009ರ ಮೇ ತಿಂಗಳಲ್ಲಿ ಬಂದು ಆಗ್ರಾದಲ್ಲಿ ನೆಲೆಯಾಯಿತು. ಅದರ ತಟ್ಟೆ ತಿರುಗುವುದಿಲ್ಲ. ಒಳಗೆ ಮೂರು ಫಲಕ ಇಟ್ಟು ಅಲೆಯನ್ನೇ ವಿದ್ಯುತ್ತಿನಿಂದ ತಿರುಗಿಸುತ್ತಾರೆ.

ಬೆಂಗಳೂರಿನವರು ಸುಮ್ಮನೆ ಕೂರಲಿಲ್ಲ ಅನ್ನುವುದೇ ಈ ಕತೆಯಲ್ಲಿ ನನಗೆ ಇಷ್ಟವಾದ ಭಾಗ. ಅದೇ 2004ರಲ್ಲಿ ಕ್ಯಾಬ್ಸ್‌ಗೆ ಮತ್ತೆ ಒಪ್ಪಿಗೆ ಸಿಕ್ಕಿತು. ಈ ಸಲ ವಿಮಾನ ಬ್ರೆಜಿಲ್‌ನ ಎಂಬ್ರೇಯರ್-145. ಬೆನ್ನ ಮೇಲೆ ರೇಡಾರ್ ಹೊರಲು ಬೇಕಾದ ಮಾರ್ಪಾಡನ್ನು ಆ ವಿಮಾನ ಮಾಡಿದ ಕಂಪನಿಯಿಂದಲೇ ಮಾಡಿಸಿದರು. ರೇಡಾರ್ ನಮ್ಮ ಸಿ.ವಿ. ರಾಮನ್ ನಗರದ ಎಲ್‌ಆರ್‌ಡಿಇಯದ್ದು. ಡೆಹ್ರಾಡೂನ್, ಹೈದರಾಬಾದಿನ ಪ್ರಯೋಗಾಲಯಗಳೂ ಕೈ ಹಾಕಿದವು. ತಟ್ಟೆ ಹೋಗಿ ಈಗ ಬೆನ್ನ ಮೇಲೆ ಉದ್ದಕ್ಕೆ ನಿಲ್ಲಿಸಿದ ಹಲಗೆ ಬಂತು. ಎಡಕ್ಕೆ 120 ಡಿಗ್ರಿ, ಬಲಕ್ಕೆ 120 ಡಿಗ್ರಿ ನೋಡುತ್ತೆ. ಮೂಗಿನ ನೇರಕ್ಕೆ, ಬಾಲದ ನೇರಕ್ಕೆ ಕಾಣುವುದಿಲ್ಲ, ಹಾಗಾಗಿ ಗಡಿಗೆ ಪಕ್ಕ ಕೊಟ್ಟುಕೊಂಡು ಅತ್ತಿಂದಿತ್ತ ಹಾರಬೇಕು. 2012ರ ಆಗಸ್ಟಿನಲ್ಲಿ ಮೊದಲ ವಿಮಾನ ಬೆಂಗಳೂರಿಗೆ ಬಂತು. 2017ರ ಫೆಬ್ರವರಿ 14ರಂದು, ಯಲಹಂಕದ ಏರೋ ಇಂಡಿಯಾದಲ್ಲಿ, ಆಗಿನ ರಕ್ಷಣಾ ಮಂತ್ರಿ ಮನೋಹರ್ ಪರಿಕ್ಕರ್ ಅದನ್ನು ವಾಯುಪಡೆಗೆ ಒಪ್ಪಿಸಿದರು. ಹೆಸರು ನೇತ್ರ. ಕ್ಯಾಬ್ಸ್‌ನಲ್ಲಿ ಈ ಯೋಜನೆಯನ್ನು ಮುನ್ನಡೆಸಿದ ಎಸ್. ಕ್ರಿಸ್ಟೋಫರ್ ಅಷ್ಟು ಹೊತ್ತಿಗೆ ಇಡೀ ಡಿಆರ್‌ಡಿಒದ ಮುಖ್ಯಸ್ಥರಾಗಿದ್ದರು. ಅರಕ್ಕೋಣದಿಂದ ಯಲಹಂಕಕ್ಕೆ ಹದಿನೆಂಟು ವರ್ಷ, ಒಂದು ತಿಂಗಳು, ಮೂರು ದಿನ.

ಅಲ್ಲಿಗೆ ಕಣ್ಣು ಬಂತು. ಕಹಳೆ?

1994ರ ಏಪ್ರಿಲ್ 14. ಉತ್ತರ ಇರಾಕಿನ ಮೇಲೆ ಅಮೆರಿಕದ ಇ-3 ಹಾರುತ್ತಿದೆ, ಇಂಥ ವಿಮಾನಗಳಲ್ಲೇ ರಾಜ ಅದು. ಕೆಳಗೆ ಅಮೆರಿಕದ್ದೇ ಎರಡು ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್. ಮೇಲೆ ಅಮೆರಿಕದ್ದೇ ಎರಡು ಎಫ್-15. ಎಫ್-15ನವರು ಆ ಹೆಲಿಕಾಪ್ಟರುಗಳನ್ನು ಇರಾಕಿನವು ಅಂದುಕೊಂಡು ಹೊಡೆದರು. 26 ಜನ ಸತ್ತರು. ಇ-3ರೊಳಗೆ ಕೂತವರ ಪರದೆಯ ಮೇಲೆ ಆ ಹೆಲಿಕಾಪ್ಟರುಗಳು ಅದಕ್ಕೂ ಮುಂಚೆಯೇ ಕಂಡಿದ್ದವು! ಹೆಲಿಕಾಪ್ಟರಿನವರು ಮಾತಾಡುತ್ತಿದ್ದ ರೇಡಿಯೋ ಚಾನೆಲ್ ಒಂದು, ಎಫ್-15ನವರದ್ದು ಇನ್ನೊಂದು. ನಾವು ನಿಮ್ಮವರು ಅಂತ ಹೇಳುವ ಗುರುತಿನ ಕೋಡ್, ಆ ವಲಯದ ಹೊರಗೆ ಹಾಕಿಕೊಳ್ಳುವಂಥದ್ದನ್ನೇ ಒಳಗೂ ಹಾಕಿಕೊಂಡಿದ್ದರು. ಹೆಲಿಕಾಪ್ಟರ್ ನೋಡಿಕೊಳ್ಳುವವನು ಒಬ್ಬ, ಯುದ್ಧವಿಮಾನ ನೋಡಿಕೊಳ್ಳುವವನು ಇನ್ನೊಬ್ಬ, ಒಂದೇ ವಿಮಾನದಲ್ಲಿ, ಕೂಗಿದರೆ ಕೇಳುವಷ್ಟು ಹತ್ತಿರ. ಯಾರೂ ಕೂಗಲಿಲ್ಲ. ಆಮೇಲೆ ಒಬ್ಬ ಅಧಿಕಾರಿಯ ಮೇಲೆ ಕೋರ್ಟ್ ಮಾರ್ಷಲ್ ನಡೆದು ಖುಲಾಸೆಯೂ ಆಯಿತು.

ಇದನ್ನು ಓದುವಾಗ ಮೈ ಜುಮ್ಮೆಂದಿತು, ಯಾಕೆಂದರೆ ಇದರ ಬಡ ತಮ್ಮನನ್ನು ನಾನೇ ನೋಡಿದ್ದೇನೆ. ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಒಂದು ರಾತ್ರಿ ಎರಡು ಗಂಟೆಗೆ ಡಿಸ್ಕ್ ತುಂಬುತ್ತಿದೆ ಅಂತ ಸಿಸ್ಟಮ್ ಸರಿಯಾಗಿಯೇ ಕಂಡುಹಿಡಿದು ಮೇಲ್ ಕಳಿಸಿತ್ತು. ಆ ಮೇಲ್ ಐಡಿಯಲ್ಲಿದ್ದವರು ಮೂರೂ ಜನ ಕೆಲಸ ಬಿಟ್ಟು ಹೋಗಿದ್ದರು. ಬೆಳಿಗ್ಗೆ ಆರಕ್ಕೆ ಎಲ್ಲಾ ಮಲಗಿತು. ನಮ್ಮದು ಬರೀ ದುಡ್ಡಿನ ನಷ್ಟ, ಎರಡು ದಿನದ ಬೈಗುಳ.

ನಮ್ಮಲ್ಲೂ ಆಗಿದೆ. 2019ರ ಫೆಬ್ರವರಿ 26ರ ಬೆಳಗಿನ ಜಾವ ಮಿರಾಜ್ ವಿಮಾನಗಳು ಬಾಲಾಕೋಟ್‌ಗೆ ಹೋಗಿ ಬಂದಾಗ ನೇತ್ರವೂ ಆಕಾಶದಲ್ಲಿದ್ದು ಕಾವಲು ಕಾಯ್ದಿತ್ತು ಅಂತ ಪತ್ರಿಕೆಗಳು ಬರೆದವು. ಬಸವನಗುಡಿಯಲ್ಲಿ ಪಟಾಕಿ ಹೊಡೆದದ್ದು ನೆನಪಿದೆ. ಮಾರನೇ ದಿನ, 27ರಂದು, ಪಾಕಿಸ್ತಾನದ ವಿಮಾನಗಳು ಬಂದ ಗಡಿಬಿಡಿಯಲ್ಲಿ, ಶ್ರೀನಗರದಿಂದ ಹಾರಿದ್ದ ನಮ್ಮದೇ ಎಂಐ-17 ಹೆಲಿಕಾಪ್ಟರನ್ನು ನಮ್ಮದೇ ಕ್ಷಿಪಣಿ ಬಡ್ಗಾಮ್‌ನಲ್ಲಿ ಕೆಡವಿತು. ವಾಯುಪಡೆಯ ಆರು ಜನ ಮತ್ತು ನೆಲದ ಮೇಲಿದ್ದ ಒಬ್ಬ ನಾಗರಿಕ ಸತ್ತರು. ಅದು ನಮ್ಮದೇ ದೊಡ್ಡ ತಪ್ಪು ಅಂತ ಅಕ್ಟೋಬರಿನಲ್ಲಿ ವಾಯುಪಡೆಯ ಮುಖ್ಯಸ್ಥ ಭದೌರಿಯಾ ಬಹಿರಂಗವಾಗಿ ಒಪ್ಪಿಕೊಂಡರು. ಅದನ್ನು ಒಪ್ಪಿಕೊಂಡದ್ದು ನನಗೆ ದೊಡ್ಡ ವಿಷಯ ಅನ್ನಿಸಿತು. ಆದರೆ ಬಾಲಾಕೋಟ್ ಬಗ್ಗೆ ಗಂಟೆಗಟ್ಟಲೆ ಮಾತಾಡುವ ನನ್ನ ಗೆಳೆಯರನ್ನು ಬಡ್ಗಾಮ್ ಅಂದರೇನು ಅಂತ ಕೇಳಿ ನೋಡಿದೆ. ಐವರಲ್ಲಿ ಒಬ್ಬನಿಗೆ ಗೊತ್ತಿತ್ತು.

ಇನ್ನೊಂದು ಮಾತು. ಈಗ ಈ ಕಾವಲುಗಾರನೇ ಮೊದಲ ಗುರಿ. ಎತ್ತರದಲ್ಲಿ ನಿಂತು ಪಂಜು ಹಿಡಿದವನು ಎಲ್ಲರಿಗೂ ಕಾಣುತ್ತಾನಲ್ಲ! ರೇಡಾರ್ ಅಲೆ ಬಿಡುವ ದೊಡ್ಡ, ನಿಧಾನದ ವಿಮಾನವೂ ಹಾಗೇ. ರಷ್ಯಾದ ಎ-50 ವಿಮಾನಗಳನ್ನು ಹೊಡೆದೆವು ಅಂತ ಉಕ್ರೇನ್ 2024ರ ಜನವರಿ ಮತ್ತು ಫೆಬ್ರವರಿಯಲ್ಲಿ ಹೇಳಿತು. 2025ರ ಆಗಸ್ಟ್ 9ರಂದು ನಮ್ಮ ಬೆಂಗಳೂರಿನಲ್ಲೇ, ಏರ್ ಚೀಫ್ ಮಾರ್ಷಲ್ ಎಲ್.ಎಂ. ಕತ್ರೆ ಸ್ಮಾರಕ ಉಪನ್ಯಾಸದಲ್ಲಿ, ವಾಯುಪಡೆಯ ಮುಖ್ಯಸ್ಥ ಎ.ಪಿ. ಸಿಂಗ್ ಅವರು ಮೇ ತಿಂಗಳ ಕಾರ್ಯಾಚರಣೆಯಲ್ಲಿ ಪಾಕಿಸ್ತಾನದ ಐದು ಯುದ್ಧವಿಮಾನಗಳ ಜತೆ ಒಂದು ದೊಡ್ಡ ವಿಮಾನವನ್ನೂ ಸುಮಾರು 300 ಕಿ.ಮೀ. ದೂರದಿಂದ ಕೆಡವಿದೆವು, ಅದು ಇಂಥ ಕಾವಲು ವಿಮಾನವೋ ಸಂಕೇತ ಕದ್ದು ಕೇಳುವ ವಿಮಾನವೋ ಇರಬೇಕು ಅಂದರು. ಪಾಕಿಸ್ತಾನ ಇಲ್ಲ ಅಂದಿತು. ಅದೇನೇ ಇರಲಿ, ಆ ವಿಮಾನದೊಳಗೆ ಪರದೆ ನೋಡುತ್ತಾ ಕೂರುವವರ ಕೆಲಸ 1999ಕ್ಕಿಂತ ಸುರಕ್ಷಿತವಾಗಿಲ್ಲ ಅನ್ನುವುದಂತೂ ಕಾಣುತ್ತೆ.

ಇಷ್ಟೆಲ್ಲಾ ಓದಿ ಅಂಕಲ್ ಹತ್ತಿರ ಮತ್ತೆ ಹೋದೆ. ನೇತ್ರದ ಫೋಟೋ ಮೊಬೈಲಲ್ಲಿ ತೋರಿಸಿದೆ. ಕನ್ನಡಕ ಹಾಕಿಕೊಂಡು, ದೊಡ್ಡದು ಮಾಡಿ, ಬೆನ್ನ ಮೇಲಿನ ಹಲಗೆಯ ಬುಡವನ್ನೇ ತುಂಬಾ ಹೊತ್ತು ನೋಡಿದರು. ವಿಮಾನಕ್ಕೆ ಅದನ್ನು ಜೋಡಿಸಿರುವ ಜಾಗ. "ಗಟ್ಟಿಯಾಗಿ ಕೂರ್ಸಿದಾರೆ" ಅಂದರು.

1999ರ ಆ ಜನವರಿಯಲ್ಲಿ ನನಗೆ ಎರಡು ವರ್ಷ. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಆ ದಿನ ನೆನಪಿರುವವರು ಯಾರಾದರೂ ಇದ್ದರೆ ಅವರಿಂದ ಕೇಳಿ ಬರೆದು ತಿಳಿಸಿ. ಮುಂದಿನ ವಾರ 84ನೇ ಏರ್ ಡಿಪೋ ಬಗ್ಗೆ ಬರೆಯುವ ಯೋಚನೆ ಇದೆ, ಆಫೀಸಿನವರು ಬಿಟ್ಟರೆ.